ಕಾಲ್ಚೆಂಡು ಮತ್ತು ಕಾಲು ಗೋಲು

'ಪಂದ್ಯ' ಎಂಬ ನಮ್ಮ ಮಾತಿಗೆ ಎರಡು ಅರ್ಥಗಳಿವೆ. ಅಂಗಳದಲ್ಲಿ ಎರಡು ತಂಡಗಳು ನಡೆಸುವ ಸ್ಪರ್ಧೆಯೂ ಪಂದ್ಯವೇ. ಅಂಗಳದ ಹೊರಗೆ ನಿಂತವರು ಆ ಸ್ಪರ್ಧೆಯ ಮೇಲೆ ಕಟ್ಟುವ ಪಣವೂ ಪಂದ್ಯವೇ. ಒಂದೇ ಮಾತು ಎರಡನ್ನೂ ಹೊತ್ತಿದೆಯಾದರೂ ಅವುಗಳ ಗತಿ ಒಂದೇ ಅಲ್ಲ. ಮೊದಲನೆಯ ಪಂದ್ಯವನ್ನು ತಂಡ ಗೆದ್ದಿರುವಾಗಲೇ, ಅದೇ ತಂಡವನ್ನು ನಂಬಿ ಹಣ ಹೂಡಿದವನು ಎರಡನೆಯದರಲ್ಲಿ ಸೋಲಬಹುದು. ಈ ವಿಚಿತ್ರಕ್ಕೆ ಕಾರಣವಾದ ಏರ್ಪಾಡಿನ ಹೆಸರು 'ಹ್ಯಾಂಡಿಕ್ಯಾಪ್'. ಜೂಜನ್ನು ಕಲಿಸುವುದು ಈ ಭಾಷಣದ ಉದ್ದೇಶವಲ್ಲ. ಜೂಜಿನ ಒಳಗಿನ ಲೆಕ್ಕವನ್ನು ಬೆಳಕಿಗೆ ಹಿಡಿದು ನೋಡುವುದಷ್ಟೇ ಉದ್ದೇಶ.

ಮಾತಿನ ಮೂಲ ಸ್ವಾರಸ್ಯಕರವಾಗಿದೆ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ವಸ್ತುಗಳ ವಿನಿಮಯದ ಒಂದು ಆಟವಿತ್ತು. ಇಬ್ಬರು ತಮ್ಮ ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳಬೇಕೆಂದಾಗ, ಮೂರನೆಯವನೊಬ್ಬ ಅವುಗಳ ಬೆಲೆಯ ಅಂತರವನ್ನು ನಿರ್ಣಯಿಸುತ್ತಿದ್ದ. ಟೋಪಿಯೊಳಗೆ ಕೈಯಿಟ್ಟು ತೆಗೆಯುವ ಮೂಲಕ ಉಭಯರೂ ಒಪ್ಪಿಗೆ ಸೂಚಿಸುತ್ತಿದ್ದರು. 'ಟೋಪಿಯಲ್ಲಿ ಕೈ' ಎಂಬ ಆ ನುಡಿಯೇ ಸವೆದು ಹ್ಯಾಂಡಿಕ್ಯಾಪ್ ಆಯಿತು. ಮುಂದೆ ಅದು ಕುದುರೆಯೋಟಕ್ಕೆ ಬಂದಿತು. ಬಲಿಷ್ಠ ಕುದುರೆಯ ಬೆನ್ನಿಗೆ ಹೆಚ್ಚು ಭಾರ, ದುರ್ಬಲ ಕುದುರೆಗೆ ಕಡಿಮೆ ಭಾರ: ಬೆಂಗಳೂರಿನ ರೇಸ್ ಕೋರ್ಸನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಅಸಮಾನರನ್ನು ಸಮಾನರನ್ನಾಗಿಸುವುದೇ ಇದರ ತತ್ತ್ವ.

ಫುಟ್‌ಬಾಲಿನಲ್ಲಿ ಆಟಗಾರರ ಬೆನ್ನಿಗೆ ಸೀಸದ ಭಾರ ಕಟ್ಟುವಂತಿಲ್ಲ. ಆದ್ದರಿಂದ ಭಾರವನ್ನು ಗೋಲುಗಳ ಲೆಕ್ಕದ ಮೇಲೆ ಹೊರಿಸುತ್ತಾರೆ; ಅದೂ ಕಾಗದದ ಮೇಲೆ ಮಾತ್ರ. ಬಲಿಷ್ಠ ತಂಡ ಆಟ ಆರಂಭವಾಗುವ ಮುನ್ನವೇ ಎದುರಾಳಿಗೆ ಇಷ್ಟು ಗೋಲುಗಳನ್ನು ಬಿಟ್ಟುಕೊಟ್ಟಿದೆ ಎಂದು ಭಾವಿಸುವುದು. ಆಟ ಮುಗಿದ ಮೇಲೆ ಅಷ್ಟನ್ನು ಕಳೆದು ಪಣದ ಸೋಲು ಗೆಲುವನ್ನು ತೀರ್ಮಾನಿಸುವುದು. ಇಂಡೋನೇಷ್ಯಾದಲ್ಲಿ 'ಹ್ಯಾಂಗ್ ಚೆಂಗ್' ಎಂಬ ಹೆಸರಿನಿಂದ ರೂಢಿಯಲ್ಲಿದ್ದ ಈ ಪದ್ಧತಿಗೆ 1998ರಲ್ಲಿ ಇಂಗ್ಲಿಷ್ ಪತ್ರಕರ್ತರೊಬ್ಬರು 'ಏಷ್ಯನ್ ಹ್ಯಾಂಡಿಕ್ಯಾಪ್' ಎಂದು ಹೆಸರಿಟ್ಟರು. ಇಲ್ಲಿ ಪೂರ್ಣ ಗೋಲುಗಳಷ್ಟೇ ಅಲ್ಲ, ಅರ್ಧ ಗೋಲು, ಕಾಲು ಗೋಲು, ಮುಕ್ಕಾಲು ಗೋಲುಗಳೂ ಉಂಟು. ಯಾವ ಆಟಗಾರನ ಕಾಲಿಗೂ ಸಿಕ್ಕದ ಗೋಲುಗಳಿವು!

ಒಂದು ನಿಜವಾದ ಪಂದ್ಯವನ್ನೇ ತೆಗೆದುಕೊಳ್ಳೋಣ. 2022ರ ಡಿಸೆಂಬರ್ 3ರಂದು ಕತಾರಿನಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಅರ್ಜೆಂಟೀನ ಆಸ್ಟ್ರೇಲಿಯವನ್ನು 2-1ರಿಂದ ಸೋಲಿಸಿತು. ಒಬ್ಬನು ಅರ್ಜೆಂಟೀನದ ಮೇಲೆ ನೂರು ರೂಪಾಯಿ ಹೂಡಿದನೆಂದು ಕಲ್ಪಿಸಿಕೊಳ್ಳಿ. ಆ ತಂಡ ಅರ್ಧ ಗೋಲು ಬಿಟ್ಟುಕೊಟ್ಟಿದ್ದರೆ ಅವನಿಗೆ ಗೆಲುವು. ಒಂದು ಗೋಲು ಬಿಟ್ಟುಕೊಟ್ಟಿದ್ದರೆ ಸಮಸಮ. ಹೂಡಿದ ಹಣ ಹಿಂದಕ್ಕೆ ಬರುತ್ತದೆ. ಒಂದೂವರೆ ಗೋಲಾದರೆ ಪೂರ್ಣ ಸೋಲು. ಮುಕ್ಕಾಲು ಗೋಲಾದರೆ ಹಣ ಎರಡು ಪಾಲಾಗುತ್ತದೆ: ಐವತ್ತು ರೂಪಾಯಿ ಅರ್ಧ ಗೋಲಿನ ಲೆಕ್ಕಕ್ಕೆ, ಐವತ್ತು ಒಂದು ಗೋಲಿನ ಲೆಕ್ಕಕ್ಕೆ. ಮೊದಲ ಪಾಲು ಗೆಲ್ಲುತ್ತದೆ, ಎರಡನೆಯದು ಹಾಗೆಯೇ ಮರಳುತ್ತದೆ. ಒಂದೂಕಾಲು ಗೋಲಾದರೆ ಒಂದು ಪಾಲು ಮರಳಿ, ಇನ್ನೊಂದು ಪಾಲು ಮುಳುಗುತ್ತದೆ. ನಡೆದ ಆಟ ಒಂದೇ. ಕೈಗೆ ಬರುವ ಫಲ ಐದು ಬಗೆ.

ಆ ಪಂದ್ಯದ 77ನೆಯ ನಿಮಿಷದವರೆಗೆ ಅರ್ಜೆಂಟೀನ 2-0ರಿಂದ ಮುಂದಿತ್ತು. ಆಗ ಆಸ್ಟ್ರೇಲಿಯದ ಹೊಡೆತವೊಂದು ಅರ್ಜೆಂಟೀನದ ಆಟಗಾರನಿಗೇ ತಗುಲಿ ಗೋಲಾಯಿತು. ಒಂದೂವರೆ ಗೋಲಿನ ಪಣ ಕಟ್ಟಿದವನಿಗೆ ಆ ಕ್ಷಣದಲ್ಲಿ ಏನಾಗಿರಬೇಕು? ಅವನ ತಂಡ ಇನ್ನೂ ಗೆಲ್ಲುತ್ತಲೇ ಇದೆ. ಅವನು ಮಾತ್ರ ಸೋತಿದ್ದಾನೆ. ಅದೇ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ, ಡಿಸೆಂಬರ್ 18ರಂದು, 90 ನಿಮಿಷಗಳ ಆಟ ಮುಗಿದಾಗ ಅರ್ಜೆಂಟೀನ ಮತ್ತು ಫ್ರಾನ್ಸ್ 2-2ರಿಂದ ಸಮವಾಗಿದ್ದವು. ಇಂತಹ ಪಣಗಳಿಗೆ ಸಾಮಾನ್ಯವಾಗಿ ಹೆಚ್ಚುವರಿ ಅವಧಿಯ ಆಟವಾಗಲಿ ಪೆನಾಲ್ಟಿಗಳಾಗಲಿ ಲೆಕ್ಕಕ್ಕಿಲ್ಲ. ಕಾಲು ಗೋಲು ಬಿಟ್ಟುಕೊಟ್ಟು ಅರ್ಜೆಂಟೀನವನ್ನು ಹಿಡಿದವನು, ಮೆಸ್ಸಿ ಕಪ್ಪನ್ನೆತ್ತಿ ಹಿಡಿದ ಹೊತ್ತಿಗೆ ತನ್ನ ಅರ್ಧ ಹಣವನ್ನು ಕಳೆದುಕೊಂಡಿರುತ್ತಿದ್ದ.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಿಕೊಳ್ಳಬೇಕು. ಹ್ಯಾಂಡಿಕ್ಯಾಪ್ ಎರಡು ತಂಡಗಳನ್ನು ತಕ್ಕಡಿಯಲ್ಲಿ ಸಮವಾಗಿ ತೂಗುತ್ತದೆ, ನಿಜ. ಆದರೆ ತಕ್ಕಡಿಯನ್ನು ಹಿಡಿದವನು ಯಾರು? ಬುಕ್ಕಿಯು ಎರಡು ಕಡೆಗೂ ರೂಪಾಯಿಗೆ 1.90ರಂತೆ ಕೊಡುತ್ತಾನೆನ್ನೋಣ. ಎರಡು ಕಡೆಯಿಂದಲೂ ನೂರು ನೂರರಂತೆ ಅವನಿಗೆ ಇನ್ನೂರು ರೂಪಾಯಿ ಬಂದಿತು. ಯಾರೇ ಗೆಲ್ಲಲಿ, ಅವನು ಕೊಡುವುದು ನೂರ ತೊಂಬತ್ತು, ಉಳಿಯುವುದು ಹತ್ತು. ಹಣ ಒಂದೇ ಕಡೆಗೆ ವಾಲಿದರೆ ಅವನು ಬಿಟ್ಟುಕೊಡುವ ಗೋಲನ್ನೋ ದರವನ್ನೋ ಬದಲಿಸಿ ಮತ್ತೆ ಸಮಮಾಡಲು ನೋಡುತ್ತಾನೆ. ಆದಕಾರಣ ಆ ಅಂಕಿ ಭವಿಷ್ಯವಾಣಿಯಲ್ಲ. ಜನರ ಹಣ ಎಲ್ಲಿ ಸಮತೂಕಕ್ಕೆ ಬರುತ್ತದೆಂಬ ಸೂಚನೆಯೂ ಅದರಲ್ಲಿದೆ. ಈ ದರದಲ್ಲಿ ನಷ್ಟವಾಗದಿರಬೇಕಾದರೆ ನೂರು ಬಾರಿ ಆಡಿದವನು ಸುಮಾರು 53 ಬಾರಿ ಗೆಲ್ಲಬೇಕು. ನಾಣ್ಯ ಚಿಮ್ಮಿದಂತೆ ಐವತ್ತೇ ಬಾರಿ ಗೆದ್ದರೆ, ನೂರು ರೂಪಾಯಿಯಂತೆ ಹೂಡಿದ ಹತ್ತು ಸಾವಿರದಲ್ಲಿ ಐನೂರು ಹೋಗಿರುತ್ತದೆ. ಸಮಾನತೆ ತಂಡ ತಂಡಗಳ ನಡುವಿನದು. ಆಡುವವನಿಗೂ ಆಡಿಸುವವನಿಗೂ ನಡುವಿನದಲ್ಲ.

ಹಣದ ನಷ್ಟಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹಿಂದೆ ಆಟಗಾರನನ್ನು ಕೊಳ್ಳಬೇಕಾದರೆ ಸೋಲಲು ಅವನನ್ನು ಒಪ್ಪಿಸಬೇಕಾಗಿತ್ತು, ಅದು ಸುಲಭವಲ್ಲ. ಹ್ಯಾಂಡಿಕ್ಯಾಪಿನಲ್ಲಿ ಸೋಲಬೇಕಾಗಿಲ್ಲ, ಕಡಿಮೆ ಗೆದ್ದರೆ ಸಾಕು. ಎರಡನೆಯ ಗೋಲನ್ನು ಹೊಡೆಯದೆ ಬಿಟ್ಟವನನ್ನು ಯಾರು ಸಂದೇಹಿಸುತ್ತಾರೆ? ಆಟಗಾರರನ್ನು ಮುಟ್ಟದೆಯೂ ಫಲವನ್ನು ಕದಿಯಲು ಯತ್ನಿಸಿದವರುಂಟು. ಆಟ ಉತ್ತರಾರ್ಧದಲ್ಲಿ ನಿಂತುಹೋದರೆ ಆಗಿನ ಗೋಲುಗಳನ್ನೇ ಅಂತಿಮವೆಂದು ಎಣಿಸುವ ರೂಢಿ ಏಷ್ಯದ ಬುಕ್ಕಿಗಳಲ್ಲಿತ್ತು. 1997ರ ನವೆಂಬರಿನಲ್ಲಿ ಲಂಡನ್ನಿನ ವೆಸ್ಟ್ ಹ್ಯಾಮ್ ಅಂಗಳದಲ್ಲಿ ಆಟ 2-2 ಆದೊಡನೆ ದೀಪಗಳೆಲ್ಲ ಆರಿದವು. ಮರುತಿಂಗಳು ವಿಂಬಲ್ಡನ್–ಆರ್ಸೆನಲ್ ಪಂದ್ಯದಲ್ಲಿಯೂ ಹಾಗೆಯೇ ಆಯಿತು. 1999ರ ಫೆಬ್ರವರಿಯಲ್ಲಿ ಚಾರ್ಲ್ಟನ್ ಅಂಗಳದ ದೀಪಗಳನ್ನು ಆರಿಸಲು ಸಂಚು ಹೂಡಿದ್ದ ಗುಂಪು, ಅಲ್ಲಿನ ಕಾವಲುಗಾರನ ಸಮೇತ ಸಿಕ್ಕಿಬಿದ್ದು ಶಿಕ್ಷೆಗೆ ಗುರಿಯಾಯಿತು. ಜೂಜಿನ ಬೇರು ಮಲೇಷ್ಯಾದಲ್ಲಿತ್ತು; ಕತ್ತಲು ಕವಿದದ್ದು ಲಂಡನ್ನಿನಲ್ಲಿ.

ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯಿದೆ, ಹಣವನ್ನು ಪಣವಾಗಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಕಾನೂನು ಬಾಗಿಲನ್ನು ಮುಚ್ಚಬಲ್ಲುದು, ಆಸೆಯನ್ನು ಅಡಗಿಸಲಾರದು. ಅದಕ್ಕೆ ತಿಳಿವಳಿಕೆಯೇ ಮದ್ದು. ತರುಣರ ಕೈಯಲ್ಲಿಯೇ ಯಂತ್ರವಿರುವ ಈ ದಿನಗಳಲ್ಲಿ, 'ಜೂಜಾಡಬೇಡ' ಎಂಬ ಉಪದೇಶಕ್ಕಿಂತ 'ಲೆಕ್ಕ ಹಾಕಿ ನೋಡು' ಎಂಬ ಮಾತು ಹೆಚ್ಚು ದೂರ ಹೋದೀತು.

ಪಣ ಕಟ್ಟಿದವನು ಆಟವನ್ನು ನೋಡುವುದಿಲ್ಲ, ಅಂಕಿಯನ್ನು ಕಾಯುತ್ತಾನೆ. ಎದುರಾಳಿಯ ಸೊಗಸಾದ ಗೋಲಿಗೆ ಚಪ್ಪಾಳೆ ತಟ್ಟುವ ಸ್ವಾತಂತ್ರ್ಯ ಅವನಿಗಿಲ್ಲ. ತನ್ನ ತಂಡ ಗೆದ್ದಾಗಲೂ ನಗುವ ಮುನ್ನ ಅವನು ಲೆಕ್ಕ ಮಾಡಬೇಕು. ಕಾಲು ಗೋಲಿನ ಭಾರ ಕಾಗದದ ಮೇಲೆ ತಂಡದ್ದು. ಕೊನೆಗೆ ಅದು ಬಂದು ಕೂರುವುದು ನೋಡುವವನ ಮನಸ್ಸಿನ ಮೇಲೆ. ಆ ಭಾರವಿಲ್ಲದೆ ಆಟ ನೋಡಬಲ್ಲವನು ಏನನ್ನೂ ಹೂಡದೆಯೇ ಗೆದ್ದವನು.