ಮರಳಿ ಬಾರದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ!



ಪೋಸ್ಟ್‌ಗ್ರೆಸ್ ಡೇಟಾಬೇಸಿನ ಬ್ಯಾಕಪ್ ಸಲೀಸಾಗಿ ಮುಗಿಯುತ್ತದೆ. ಮರಳಿ ತುಂಬುವ ದಿನ ಮಾತ್ರ ‘ಫಂಕ್ಷನ್ ಇಲ್ಲ’ ಎಂಬ ದೂರು! ಕಣ್ಣೆದುರೇ ಇದೆಯಲ್ಲ ಎಂದು ನೀವು ತಲೆ ಚಚ್ಚಿಕೊಳ್ಳುತ್ತೀರಿ.

ಕಾರಣ ಕೇಳಿ. 2018ರ ಮಾರ್ಚ್‌ನ ಭದ್ರತಾ ತಿದ್ದುಪಡಿಯ ನಂತರ, ಹೆಸರುಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಸರ್ಚ್ ಪಾತನ್ನು ಡಂಪ್ ಕಡತ ಖಾಲಿ ಮಾಡಿಯೇ ಕೆಲಸ ಶುರುಮಾಡುತ್ತದೆ. ನೀವು ಬರೆದ ಫಂಕ್ಷನ್ ಇನ್ನೊಂದನ್ನು ಬರೀ ಹೆಸರಿನಿಂದ ಕರೆದರೆ, ಊರು ಬರೆಯದ ಕಾಗದದಂತೆ ಅದು ತಲುಪದು. ಅದನ್ನು ನಂಬಿದ ಇಂಡೆಕ್ಸ್ ಏಳದು. ಚೆಕ್ ನಿಯಮವಿದ್ದರೆ ಆ ಟೇಬಲ್ಲಿನ ಒಂದು ಸಾಲೂ ಒಳಬರದು!

ಪರಿಹಾರ ನಿಮ್ಮ ಕೈಯಲ್ಲೇ ಇದೆ. ‘ತೆರಿಗೆ’ ಎನ್ನಬೇಡಿ, ‘ಪಬ್ಲಿಕ್.ತೆರಿಗೆ’ ಎಂದು ಸ್ಕೀಮಾ ಸೇರಿಸಿ ಕರೆಯಿರಿ. ಇಲ್ಲವೇ ಆಲ್ಟರ್ ಫಂಕ್ಷನ್ ಬಳಸಿ ಆ ಫಂಕ್ಷನ್ನಿಗೇ ಸರ್ಚ್ ಪಾತ್ ಕಟ್ಟಿಬಿಡಿ. ಹೊಸದಾಗಿ ಡಂಪ್ ತೆಗೆದು, ಖಾಲಿ ಡೇಟಾಬೇಸಿಗೆ ಇಂದೇ ತುಂಬಿಸಿ ನೋಡಿ. ಡಿಸ್ಕ್ ಸತ್ತ ದಿನ ಪರೀಕ್ಷೆಗೆ ಸಮಯವಿರುವುದಿಲ್ಲ!