ಅಂಗೈಯಗಲದ ಕನ್ನಡಿ, ಅಂಗಳದ ಬಿಸಿಲು

(ಶಾಲೆಯ ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



‘ಪತನ ಕೋನವು ಪ್ರತಿಫಲನ ಕೋನಕ್ಕೆ ಸಮ.’ ಈ ಸಾಲನ್ನು ಹತ್ತನೇ ತರಗತಿಯ ಮಕ್ಕಳನ್ನು ಕೇಳಿ, ತಡವರಿಸದೆ ಹೇಳುತ್ತಾರೆ. ಪರೀಕ್ಷೆಯಲ್ಲಿ ಬರೆದರೆ ಅಂಕವೂ ಬರುತ್ತದೆ. ‘ಆ ಎರಡು ಕೋನಗಳನ್ನು ನಿಮ್ಮ ಕೈಯಾರೆ ಅಳೆದಿದ್ದೀರಾ?’ ಎಂದು ಕೇಳಿದರೆ ಮಾತ್ರ ಮೇಲೇಳುವ ಕೈಗಳು ಕಡಿಮೆ. ಅಳೆಯಲು ಬೇಕಾದದ್ದು ಒಂದು ಸಣ್ಣ ಕನ್ನಡಿ, ಒಂದು ಕೋನಮಾಪಕ ಮತ್ತು ಬಿಸಿಲು. ಈ ಮೂರೂ ಇಲ್ಲದ ಶಾಲೆ ನಮ್ಮ ರಾಜ್ಯದಲ್ಲಿ ಸಿಗಲಾರದು. ಆದ್ದರಿಂದ ಇವತ್ತು ನಾನು ಸಿದ್ಧಾಂತ ಹೇಳುವುದಿಲ್ಲ. ನಾಳೆಯೇ ಮಾಡಬಹುದಾದ ಕೆಲವು ಚಟುವಟಿಕೆಗಳನ್ನು ಹೇಳುತ್ತೇನೆ. ನಿಯಮ ಒಂದೇ: ಮೊದಲು ಊಹಿಸಿ, ಆಮೇಲೆ ಮಾಡಿ, ಕಂಡದ್ದನ್ನೇ ಬರೆಯಿರಿ.

ಮೊದಲನೆಯದು ಕೋನ ಅಳೆಯುವುದು. ಒಂದು ರಟ್ಟಿನಲ್ಲಿ ಕೆಳಅಂಚಿನವರೆಗೆ ಬರುವ ಸಣ್ಣ ಸೀಳು ಮಾಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಬಿಳಿ ಹಾಳೆಯ ಮೇಲೆ ಅದನ್ನು ನಿಲ್ಲಿಸಿದರೆ ಬೆಳಕಿನ ಒಂದು ಗೆರೆ ಬೀಳುತ್ತದೆ. ಕನ್ನಡಿಯನ್ನು ಬೆಂಕಿಪೊಟ್ಟಣಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ ಆ ಗೆರೆಗೆ ಅಡ್ಡ ನಿಲ್ಲಿಸಿ. ಬಂದ ಗೆರೆ, ಹೋದ ಗೆರೆ ಎರಡನ್ನೂ ಪೆನ್ಸಿಲಿನಿಂದ ಗುರುತು ಮಾಡಿ. ಗೆರೆಗಳು ಕನ್ನಡಿಯನ್ನು ಸೇರುವ ಬಿಂದುವಿನಲ್ಲಿ ಲಂಬ ಎಳೆದು ಎರಡೂ ಕೋನಗಳನ್ನು ಅಳೆಯಿರಿ. ಕನ್ನಡಿ ತಿರುಗಿಸಿ ನಾಲ್ಕೈದು ಸಲ ಮಾಡಿ. ಒಂದು ಕಡೆ 40 ಡಿಗ್ರಿ, ಇನ್ನೊಂದು ಕಡೆ 42 ಬಂದರೆ 42 ಎಂದೇ ಬರೆಯಿರಿ. ಉತ್ತರ ಗೊತ್ತಿದೆಯೆಂದು 40 ಎಂದು ತಿದ್ದಬೇಡಿ. ಕನ್ನಡಿ ವಾಲಿತ್ತೇ, ಗೆರೆ ದಪ್ಪವಾಗಿತ್ತೇ ಎಂದು ಹುಡುಕಿ. ಶಿಕ್ಷಕ ಬಂಧುಗಳೇ, 42 ಎಂದು ಬರೆದ ಮಗುವಿಗೆ ದಯವಿಟ್ಟು ಅಂಕ ಕಡಿಮೆ ಮಾಡಬೇಡಿ.

ಎರಡನೆಯದು ದೊಡ್ಡವರಿಗೂ ಒಂದು ಪ್ರಶ್ನೆ. ಗೋಡೆಗೆ ನೇತುಹಾಕಿದ ಚಿಕ್ಕ ಕನ್ನಡಿಯಲ್ಲಿ ಮುಖ ಮತ್ತು ಎದೆ ಮಾತ್ರ ಕಾಣುತ್ತದೆ. ಹಿಂದೆ ಹಿಂದೆ ಸರಿದರೆ ಇನ್ನೂ ಹೆಚ್ಚು ಮೈ ಕಾಣುತ್ತದೆಯೇ? ‘ಹೌದು’ ಎನ್ನುವವರೇ ಹೆಚ್ಚು. ಮಾಡಿ ನೋಡಿ. ಕನ್ನಡಿ ಗೋಡೆಗೆ ನೆಟ್ಟಗೆ ಒರಗಿರಬೇಕು, ಅಷ್ಟೇ. ಅಂಗಿಯ ಮೂರನೆಯ ಗುಂಡಿಯವರೆಗೆ ಕಾಣುತ್ತಿದ್ದರೆ, ನಾಲ್ಕು ಹೆಜ್ಜೆ ಹಿಂದೆ ಹೋದರೂ ಮೂರನೆಯ ಗುಂಡಿಯೇ ಕೊನೆ. ಕಾರಣ ಮೊದಲ ಚಟುವಟಿಕೆಯಲ್ಲೇ ಇದೆ. ಎರಡು ಕೋನಗಳೂ ಸಮವಾದ್ದರಿಂದ, ಗುಂಡಿಯಿಂದ ಹೊರಟ ಬೆಳಕು ಕಣ್ಣಿಗೆ ಬರಬೇಕಾದರೆ ಗುಂಡಿಗೂ ಕಣ್ಣಿಗೂ ನಡುಮಧ್ಯದ ಎತ್ತರದಲ್ಲಿ ಕನ್ನಡಿಯನ್ನು ತಾಗಬೇಕು. ನೀವು ಎಷ್ಟು ದೂರ ನಿಂತರೂ ಆ ನಡುಮಧ್ಯ ಬದಲಾಗದು. ಹಾಗಾಗಿ 5 ಅಡಿ ಎತ್ತರದ ಹುಡುಗಿಗೆ ಅಡಿಯಿಂದ ಮುಡಿಯವರೆಗೆ ನೋಡಿಕೊಳ್ಳಲು ಸರಿಯಾದ ಎತ್ತರದಲ್ಲಿ ತೂಗುಹಾಕಿದ ಎರಡೂವರೆ ಅಡಿ ಕನ್ನಡಿ ಸಾಕು.

ಮೂರನೆಯದಕ್ಕೆ ಎರಡು ಕನ್ನಡಿ ಬೇಕು. ಬೆನ್ನಿಗೆ ಟೇಪು ಅಂಟಿಸಿ ಪುಸ್ತಕದಂತೆ ತೆರೆಯುವ ಹಾಗೆ ಜೋಡಿಸಿ, ನಡುವೆ ಒಂದು ನಾಣ್ಯ ಇಡಿ. 90 ಡಿಗ್ರಿ ತೆರೆದರೆ 3 ಪ್ರತಿಬಿಂಬ, 60ಕ್ಕೆ 5, 45ಕ್ಕೆ 7. ಈ ಸಂಖ್ಯೆಗಳನ್ನು ನೀವು ಮೊದಲೇ ಹೇಳಬೇಡಿ. ಮಕ್ಕಳೇ ಎಣಿಸಿ ಪಟ್ಟಿ ಮಾಡಲಿ. 360ನ್ನು ಕೋನದಿಂದ ಭಾಗಿಸಿ ಒಂದು ಕಳೆಯಬೇಕೆಂಬ ಸೂತ್ರ ಅವರಿಗೇ ಹೊಳೆಯುತ್ತದೆ. ಮೂರು ಪಟ್ಟಿ ಕನ್ನಡಿಗಳನ್ನು ಕೊಳವೆಯಂತೆ ಕಟ್ಟಿ ಒಳಗೆ ಬಳೆ ಚೂರು ಹಾಕಿದರೆ ಕೆಲಿಡೋಸ್ಕೋಪ್. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1817ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ಈಗ 90 ಡಿಗ್ರಿಯಲ್ಲಿರುವ ಆ ಎರಡು ಕನ್ನಡಿಗಳ ಕೆಳಗೆ ಮೂರನೆಯದನ್ನು ಮಲಗಿಸಿ, ಕೋಣೆಯ ಮೂಲೆಯಂತೆ ಮಾಡಿ. ಯಾವ ಕಡೆಯಿಂದ ಇಣುಕಿದರೂ ನಿಮ್ಮ ಕಣ್ಣು ಆ ಮೂಲೆಯಲ್ಲೇ ಕಾಣುತ್ತದೆ. ಬೆಳಕು ಬಂದ ದಿಕ್ಕಿಗೇ ಮರಳುತ್ತದೆ. ಸೈಕಲ್ಲಿನ ಹಿಂದಿನ ಕೆಂಪು ರಿಫ್ಲೆಕ್ಟರಿನಲ್ಲಿ ಇಂಥ ಪುಟ್ಟ ಮೂಲೆಗಳು ಸಾಲುಸಾಲಾಗಿವೆ. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಚಂದ್ರಯಾನ-3ರ ವಿಕ್ರಮ್ ಕೂಡ ಇದೇ ತತ್ವದ ಪ್ರತಿಫಲಕವನ್ನು ಹೊತ್ತೊಯ್ದಿದೆ. ಅದೇ ಡಿಸೆಂಬರಿನಲ್ಲಿ, ಚಂದ್ರನನ್ನು ಸುತ್ತುತ್ತಿರುವ ನಾಸಾದ ನೌಕೆಯೊಂದು ಕಳಿಸಿದ ಲೇಸರ್ ಬೆಳಕು ಅದಕ್ಕೆ ತಾಗಿ ಮರಳಿ ಬಂತು.

ಕೊನೆಯದು ಸೂರ್ಯನನ್ನೇ ಅಳೆಯುವುದು. ಇದಕ್ಕೆ ಶಿಕ್ಷಕರು ಜೊತೆಗಿರಲೇಬೇಕು. ಸೂರ್ಯನನ್ನು ನೇರವಾಗಿಯಾಗಲಿ ಕನ್ನಡಿಯಲ್ಲಾಗಲಿ ನೋಡಬಾರದು. ಆ ಬೆಳಕನ್ನು ಯಾರ ಕಣ್ಣಿಗೂ ಬಿಡಬಾರದು. ಕನ್ನಡಿಗೆ ಕಪ್ಪು ಕಾಗದ ಅಂಟಿಸಿ, ಅದರಲ್ಲಿ 5 ಮಿ.ಮೀ. ಅಗಲದ ತ್ರಿಕೋನ ರಂಧ್ರ ಮಾಡಿ. ಅಂಗಳದ ಬಿಸಿಲಿನಿಂದ ಕತ್ತಲೆ ಮಾಡಿದ ಕೋಣೆಯ ಗೋಡೆಗೆ ಬೆಳಕು ಹಾಯಿಸಿ. ರಂಧ್ರ ತ್ರಿಕೋನ, ಆದರೆ ದೂರದ ಗೋಡೆಯ ಮೇಲೆ ಬಿದ್ದ ಬೆಳಕು ದುಂಡಗೆ! ಏಕೆಂದರೆ ಅದು ರಂಧ್ರದ ಆಕಾರವಲ್ಲ, ಸೂರ್ಯನ ಬಿಂಬ. ಗೋಡೆ 10 ಮೀಟರ್ ದೂರದಲ್ಲಿದ್ದರೆ ಬಿಂಬದ ಅಗಲ 9 ಸೆಂ.ಮೀ.ಗಿಂತ ತುಸು ಹೆಚ್ಚು ಬರುತ್ತದೆ. 9 ಎಂದೇ ಹಿಡಿಯೋಣ. 1000 ಸೆಂ.ಮೀ.ಗೆ 9 ಆದರೆ, ಸೂರ್ಯನಿರುವ 15 ಕೋಟಿ ಕಿ.ಮೀ.ಗೆ ಎಷ್ಟು? 13 ಲಕ್ಷ 50 ಸಾವಿರ ಕಿ.ಮೀ. ಖಗೋಳ ವಿಜ್ಞಾನಿಗಳು ಕೊಡುವ ಸೂರ್ಯನ ವ್ಯಾಸ ಸುಮಾರು 13 ಲಕ್ಷ 90 ಸಾವಿರ. ಎಂಟನೇ ತರಗತಿಯ ಮಗು, ಅಂಗೈಯಗಲದ ಕನ್ನಡಿಯಿಂದ, ತ್ರೈರಾಶಿಯ ಲೆಕ್ಕದಿಂದ ಇಷ್ಟು ಹತ್ತಿರ ಬರಬಹುದು.

ಐವತ್ತು ವರ್ಷ ತುಂಬಿದ ಶಾಲೆಗೆ ಕಟ್ಟಡ, ಕಂಪ್ಯೂಟರ್ ಎಲ್ಲವೂ ಬರಲಿ. ಅದರ ಜೊತೆಗೆ ನನ್ನದೊಂದು ಸಣ್ಣ ಕೋರಿಕೆ. ಪ್ರತಿ ತರಗತಿಯಲ್ಲೂ ಅಂಚಿಗೆ ಟೇಪು ಸುತ್ತಿದ ನಾಲ್ಕು ಕನ್ನಡಿಗಳು, ಎರಡು ಕೋನಮಾಪಕಗಳು ಮಕ್ಕಳ ಕೈಗೆಟುಕುವ ಕಡೆ ಇರಲಿ. ಬೀರುವಿನಲ್ಲಿ ಬೀಗ ಹಾಕಿ ಇಡುವುದು ಬೇಡ. ಒಂದೆರಡು ಒಡೆಯಬಹುದು. ಹಳೆಯ ವಿದ್ಯಾರ್ಥಿಗಳು ಹೊಸದು ತಂದುಕೊಟ್ಟಾರು. ಒಡೆಯದೆ ಉಳಿದ ಕನ್ನಡಿಗಿಂತ, ಅಳೆಯದೆ ಹೊರಹೋದ ಮಗುವಿನಿಂದಲೇ ನಮಗೆ ನಷ್ಟ ಹೆಚ್ಚು.