ಕಲ್ಲಿನ ಪಾಕ



ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಬೆರಳು ಮಡಚಿ ತಟ್ಟಿ ನೋಡುತ್ತೇವೆ. ಠಣ್ ಅಂದರೆ ಮಡಕೆ ಗಟ್ಟಿ. ಸದ್ದು ಸರಿ ಬರದಿದ್ದರೆ ಎಲ್ಲೋ ಬಿರುಕು ಇದೆ. ಹಲಸಿನ ಹಣ್ಣನ್ನೂ ಹೀಗೇ ತಟ್ಟುತ್ತೇವೆ. ಒಡೆಯದೆ, ಕೊಯ್ಯದೆ ಒಳಗಿನದನ್ನು ತಿಳಿಯುತ್ತೇವೆ. ನಮ್ಮ ಅಜ್ಜಿಯರಿಗೂ ಈ ವಿದ್ಯೆ ಗೊತ್ತಿತ್ತು.

ಇಡೀ ಒಂದು ದ್ವೀಪದ ಒಡಲನ್ನು ಹೀಗೆ ತಿಳಿದುಕೊಂಡ ಕತೆಯನ್ನು ಇವತ್ತು ಹೇಳುತ್ತೇವೆ. ಅಲ್ಲಿ ತಟ್ಟಿದ್ದು ಮನುಷ್ಯರಲ್ಲ. ನೆಲವೇ ತನ್ನನ್ನು ತಾನು ತಟ್ಟಿಕೊಂಡಿತು. ಅಂದರೆ ಭೂಕಂಪ ಆಯಿತು.

ಆ ದ್ವೀಪದ ಹೆಸರು ಲಾ ಪಾಲ್ಮಾ. ಆಫ್ರಿಕಾದ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ ಕ್ಯಾನರಿ ದ್ವೀಪಗಳು ಅಂತ ಇವೆ. ಅವು ಸ್ಪೇನ್ ದೇಶಕ್ಕೆ ಸೇರಿವೆ. ಲಾ ಪಾಲ್ಮಾ ಅವುಗಳಲ್ಲಿ ಒಂದು. ಅಲ್ಲಿ ಸುಮಾರು 80 ಸಾವಿರ ಜನರಿದ್ದಾರೆ. ಬಾಳೆಯೇ ಮುಖ್ಯ ಬೆಳೆ. ದ್ವೀಪದ ದಕ್ಷಿಣ ಭಾಗದಲ್ಲಿ ಕುಂಬ್ರೆ ವಿಯೆಹಾ ಎಂಬ ಬೆಟ್ಟಸಾಲು ಇದೆ. ಅದು ಜ್ವಾಲಾಮುಖಿ. 1949ರಲ್ಲಿ ಒಮ್ಮೆ, 1971ರಲ್ಲಿ ಒಮ್ಮೆ ಬೆಂಕಿ ಉಗುಳಿತ್ತು. ಆಮೇಲೆ 50 ವರ್ಷ ಸುಮ್ಮನಿತ್ತು. ಹಿರಿಯರು ಕಣ್ಣಾರೆ ಕಂಡಿದ್ದರು. ಮಕ್ಕಳು, ಮೊಮ್ಮಕ್ಕಳು ಕತೆ ಕೇಳಿದ್ದರು, ಅಷ್ಟೆ.

ಜ್ವಾಲಾಮುಖಿಯ ಒಳಗೆ ಏನಿರುತ್ತದೆ? ಬೆಲ್ಲ ಕಾಸಿದರೆ ಪಾಕ ಆಗುತ್ತದಲ್ಲ, ಹಾಗೆ ನೆಲದ ಬಹಳ ಆಳದಲ್ಲಿ ಕಲ್ಲು ಕರಗಿ ಪಾಕ ಆಗುತ್ತದೆ. ಅದಕ್ಕೆ ಶಿಲಾಪಾಕ ಅಂತ ಹೆಸರು. ಶಿಲೆ ಅಂದರೆ ಕಲ್ಲು. ಅದೇ ಮೇಲೆ ಬಂದು ಹರಿದರೆ ಲಾವಾ ಅನ್ನುತ್ತಾರೆ. ಲಾ ಪಾಲ್ಮಾದ ಲಾವಾ 1,000 ಡಿಗ್ರಿಗಿಂತ ಹೆಚ್ಚು ಬಿಸಿ. ನೀರು ಕುದಿಯುವುದು 100 ಡಿಗ್ರಿಗೆ. ಲೆಕ್ಕ ನೀವೇ ಹಾಕಿ.

ಬೆಲ್ಲದ ಪಾಕ ಒಲೆಯ ಮೇಲೆ ಕಣ್ಣಿಗೆ ಕಾಣುತ್ತದೆ. ಕಲ್ಲಿನ ಪಾಕ ಕಿಲೋಮೀಟರುಗಟ್ಟಲೆ ಕೆಳಗೆ. ಇಳಿದು ನೋಡಲು ಆಗುವುದಿಲ್ಲ. ಆದರೆ ಭೂಕಂಪದ ಅಲೆಗಳು ಆ ಜಾಗವನ್ನು ಹಾದು ಮೇಲೆ ಬರುತ್ತವೆ. ಅವು ಸುದ್ದಿ ತರುತ್ತವೆ.

ಕೆರೆಗೆ ಕಲ್ಲು ಎಸೆದರೆ ಅಲೆ ಏಳುತ್ತದೆ. ನೆಲದೊಳಗೆ ಬಂಡೆ ಬಿರಿದರೂ ಅಲೆ ಏಳುತ್ತದೆ. ಅದರಲ್ಲಿ ಎರಡು ಬಗೆ. ರೇಷನ್ ಅಂಗಡಿ ಮುಂದೆ ಸಾಲು ನಿಂತಿದ್ದೇವೆ ಅನ್ನಿ. ಹಿಂದಿನವರು ತಳ್ಳಿದರೆ ಆ ತಳ್ಳು ಒಬ್ಬರಿಂದ ಒಬ್ಬರಿಗೆ ದಾಟಿ ಮುಂದಿನವರ ತನಕ ಹೋಗುತ್ತದೆ. ಒಂದು ಬಗೆಯ ಅಲೆ ಹೀಗೆ. ನಾವು ಅದನ್ನು ತಳ್ಳು ಅಲೆ ಅನ್ನೋಣ. ಗಟ್ಟಿ ಬಂಡೆಯಲ್ಲಿ ಅದು ಒಂದು ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಇನ್ನೊಂದು ಬಗೆ ಹಗ್ಗದ ಹಾಗೆ. ಹಗ್ಗದ ಒಂದು ತುದಿ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿ ಅಲ್ಲಾಡಿಸಿದರೆ ಹಾವಿನ ಹಾಗೆ ಬಳುಕುತ್ತದೆ. ಇದು ಬಳುಕು ಅಲೆ. ಇದು ನಿಧಾನ, ಹಿಂದಿನಿಂದ ಬರುತ್ತದೆ.

ಮಿಂಚು ಮೊದಲು ಕಾಣುತ್ತದೆ, ಗುಡುಗು ಆಮೇಲೆ ಕೇಳುತ್ತದೆ. ನಡುವೆ ಹೊತ್ತು ಹೆಚ್ಚಾದರೆ ಸಿಡಿಲು ದೂರದಲ್ಲಿ ಬಿತ್ತು ಅನ್ನುತ್ತೇವೆ. ಭೂಕಂಪಕ್ಕೂ ಅದೇ ಲೆಕ್ಕ. ತಳ್ಳು ಅಲೆ ಬಂದು ಎಷ್ಟು ಹೊತ್ತಿಗೆ ಬಳುಕು ಅಲೆ ಬಂತು ಅಂತ ಯಂತ್ರ ಬರೆದಿಡುತ್ತದೆ. ನಾಲ್ಕಾರು ಕಡೆಯ ಯಂತ್ರಗಳ ಲೆಕ್ಕ ಸೇರಿಸಿದರೆ ಬಂಡೆ ಎಲ್ಲಿ, ಎಷ್ಟು ಆಳದಲ್ಲಿ ಬಿರಿಯಿತು ಅಂತ ಗೊತ್ತಾಗುತ್ತದೆ.

ಇನ್ನು ಪಾಕ ಹುಡುಕುವ ಬಗೆ. ಒಣಗಿದ ದಾರಿಯಲ್ಲಿ ನಾವು ಸರಸರ ನಡೆಯುತ್ತೇವೆ. ನಾಟಿ ಗದ್ದೆಯ ಕೆಸರಿನಲ್ಲಿ ಕಾಲು ಕೀಳುವುದೇ ಕಷ್ಟ. ಅಲೆಗಳಿಗೂ ಹಾಗೇ. ಕಲ್ಲು ಬಿಸಿಯಾಗಿ ಅಲ್ಲಲ್ಲಿ ಕರಗಿದ್ದರೆ ತಳ್ಳು ಅಲೆ ತಡವಾಗುತ್ತದೆ. ಬಳುಕು ಅಲೆ ಇನ್ನೂ ಸೋಲುತ್ತದೆ. ಪೂರ್ತಿ ಕರಗಿದ ಕಡೆ ಅದು ಸಾಗುವುದೇ ಇಲ್ಲ. ನೀರಿನಿಂದ ಹಗ್ಗ ಹೊಸೆಯಲು ಆದೀತೇ? ಯಾವ ದಾರಿಯಲ್ಲಿ ಬಂದ ಅಲೆಗಳು ತಡವಾದವೋ ಆ ದಾರಿಯಲ್ಲಿ ಪಾಕ ಇರಬೇಕು.

ಹಾಗಾದರೆ ನೆಲ ನಡುಗಿದ ಕಡೆಯೆಲ್ಲ ಕೆಳಗೆ ಶಿಲಾಪಾಕ ಇದೆಯೇ? ಇಲ್ಲ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ನಮ್ಮ ಬೀದರ್, ಕಲಬುರಗಿ ಕಡೆಯೂ ನೆಲ ನಡುಗಿತು. ಅಲ್ಲಿ ಆದದ್ದು ಬಂಡೆ ಬಿರಿದ ಭೂಕಂಪ, ಜ್ವಾಲಾಮುಖಿಯದಲ್ಲ. ಆ ಕಡೆಯ ಕರಿಕಲ್ಲು ಒಂದು ಕಾಲದ ಲಾವಾ ಅನ್ನುವುದು ನಿಜ. ಆದರೆ ಅದು ಹರಿದು ಆರು ಕೋಟಿ ವರ್ಷಕ್ಕೂ ಹೆಚ್ಚಾಯಿತು. ನಮ್ಮ ದೇಶದಲ್ಲಿ ಈಗಲೂ ಬೆಂಕಿ ಉಗುಳುವುದು ಅಂಡಮಾನಿನ ಬ್ಯಾರನ್ ದ್ವೀಪ. ಅಲ್ಲಿ ಜನ ವಾಸ ಮಾಡುವುದಿಲ್ಲ.

ಲಾ ಪಾಲ್ಮಾದಲ್ಲಿ ಜನ ಇದ್ದರು. 2017ರಿಂದಲೇ ಆಗಾಗ ಸಣ್ಣ ಕಂಪನಗಳು ಯಂತ್ರಕ್ಕೆ ಸಿಗುತ್ತಿದ್ದವು. 2021ರ ಸೆಪ್ಟೆಂಬರ್ 11ರಿಂದ ಒಂದರ ಹಿಂದೆ ಒಂದು, ಸಾವಿರಾರು ಕಂಪನಗಳು ಶುರುವಾದವು. ಮೊದಲು ಸುಮಾರು 10 ಕಿಲೋಮೀಟರ್ ಆಳದಲ್ಲಿ. ದಿನ ಕಳೆದ ಹಾಗೆ ಮೇಲೆ, ಇನ್ನೂ ಮೇಲೆ. ಪಾಕ ಬಂಡೆ ಸೀಳಿಕೊಂಡು ಹತ್ತುತ್ತಿತ್ತು. ನೆಲ 10 ಸೆಂಟಿಮೀಟರಿಗೂ ಹೆಚ್ಚು ಉಬ್ಬಿತು. ಊರವರನ್ನು ಸೇರಿಸಿ ಸಭೆ ಮಾಡಿದರು. ಕಾಗದಪತ್ರ, ಔಷಧಿ, ಫೋನು ಒಂದು ಚೀಲದಲ್ಲಿ ಇಟ್ಟುಕೊಂಡಿರಿ ಅಂತ ಹೇಳಿದರು. 19ನೇ ತಾರೀಕು ಭಾನುವಾರ, ನಡೆಯಲಾಗದ ವೃದ್ಧರನ್ನು, ಕಾಯಿಲೆಯವರನ್ನು ಬೇರೆ ಕಡೆ ಸಾಗಿಸಲು ಶುರು ಮಾಡಿದರು. ಅದೇ ದಿನ ಮಧ್ಯಾಹ್ನ 3 ಗಂಟೆ ದಾಟುತ್ತಲೇ ಬೆಟ್ಟದ ಇಳಿಜಾರು ಸೀಳಿ ಬೆಂಕಿ ಎದ್ದಿತು.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಪಾಕ ಬರುತ್ತಿದೆ ಅಂತ ಅಲೆಗಳು ಹೇಳಿದ್ದವು. ಯಾವ ಗಂಟೆಗೆ, ಯಾರ ಮನೆ ಹಿಂದೆ ಅಂತ ಹೇಳಿರಲಿಲ್ಲ. ಬೆಂಕಿ ಏಳುವ ತನಕ ಅಲ್ಲಿ ಹಳದಿ ಎಚ್ಚರಿಕೆಯೇ ಇತ್ತು. ಕೆಂಪು ಎಚ್ಚರಿಕೆ ಕೊಟ್ಟದ್ದು ಆಮೇಲೆ. ಆದರೂ ಜನರಿಗೆ ಸುದ್ದಿ ಮುಟ್ಟಿತ್ತು, ಚೀಲ ಸಿದ್ಧವಿತ್ತು. ಸುಮಾರು 7,000 ಜನ ಮನೆ ಬಿಟ್ಟು ಹೊರಟರು. ಲಾವಾ ನುಂಗುವ ಹೊತ್ತಿಗೆ ಆ ಮನೆಗಳು ಖಾಲಿ ಇದ್ದವು.

ಬೆಂಕಿ 85 ದಿನ ಉರಿದು ಡಿಸೆಂಬರ್ 13ಕ್ಕೆ ನಿಂತಿತು. ಆ ದಿನಗಳಲ್ಲೂ ನೆಲ ನಡುಗುತ್ತಲೇ ಇತ್ತು. ವಿಜ್ಞಾನಿಗಳು ಒಂದೊಂದು ಕಂಪನದ ಲೆಕ್ಕ ಇಟ್ಟರು. 11,349 ಭೂಕಂಪಗಳ ಅಲೆಗಳನ್ನು ಹೋಲಿಸಿ ದ್ವೀಪದ ಒಡಲಿನ ಚಿತ್ರ ಬರೆದರು. 2022ರಲ್ಲಿ ಅದನ್ನು ಪ್ರಕಟಿಸಿದರು. ಮೇಲಿನ 3 ಕಿಲೋಮೀಟರ್ ಒಳಗೆ ಒಂದು ಕಡೆ, ಬಿಸಿನೀರಿಗೆ ಸಿಕ್ಕಿ ಮೆತ್ತಗಾದ ಕಲ್ಲು. 10 ಕಿಲೋಮೀಟರ್ ತನಕ ಗಟ್ಟಿಯಾದ ಕಡಲತಳದ ಬಂಡೆ. ಅದರ ಅಡಿಯಿಂದ ಒತ್ತರಿಸಿಕೊಂಡು, 7ರಿಂದ 25 ಕಿಲೋಮೀಟರ್ ಆಳದವರೆಗೆ, ಪಾಕ ತುಂಬಿದ ದೊಡ್ಡ ಬಂಡೆರಾಶಿ. ಪಾಕ ಅಲ್ಲಿ ಕೆರೆಯ ಹಾಗೆ ನಿಂತಿರುವುದಿಲ್ಲ. ಜಾಮೂನು ಪಾಕ ಹೀರಿಕೊಂಡ ಹಾಗೆ ಕಲ್ಲಿನ ಸಂದುಗಳಲ್ಲಿ ತುಂಬಿರುತ್ತದೆ. ಅಲ್ಲಿಂದಲೇ ಬೆಂಕಿಗೆ ದಿನವೂ ಪೂರೈಕೆ ಆಗುತ್ತಿತ್ತು. 10 ಕಿಲೋಮೀಟರ್ ಆಳದಿಂದ ಮೇಲೆ ಬರಲು ಅದಕ್ಕೆ ಏಳು ದಿನವೂ ಬೇಕಾಗಿರಲಿಲ್ಲ. ಒಂದು ಸಂತೆಯಿಂದ ಇನ್ನೊಂದು ಸಂತೆಯ ಒಳಗೆ!

ಜನ ಉಳಿದರು, ಬದುಕು ಹೋಯಿತು. ತೊದೋಕೆ ಎಂಬ ಊರು ಲಾವಾದ ಅಡಿ ಸೇರಿತು. ಅದರ ಚರ್ಚಿನ ಗೋಪುರ ಸೆಪ್ಟೆಂಬರ್ 26ರಂದು ಕುಸಿದು ಬಿತ್ತು. ಸಾವಿರಕ್ಕೂ ಹೆಚ್ಚು ಮನೆಗಳು, ಬಾಳೆ ತೋಟಗಳು, ರಸ್ತೆಗಳು ಹೋದವು. ಸುಮಾರು 3,000 ಎಕರೆ ನೆಲ ಕರಿಕಲ್ಲಾಯಿತು. ಮನೆಯ ಮಾಡಿನ ಬೂದಿ ತೆಗೆಯಲು ಹೋಗಿದ್ದ ಒಬ್ಬ ಹಿರಿಯರು ತೀರಿಕೊಂಡರು.

ಪುಯೆರ್ತೊ ನಾವೋಸ್ ಎಂಬ ಕಡಲತೀರದ ಊರಿನವರ ಪಾಡು ಬೇರೆ. ಲಾವಾ ಅಲ್ಲಿಗೆ ಬರಲೇ ಇಲ್ಲ, ಮನೆಗಳು ನೆಟ್ಟಗೆ ನಿಂತಿದ್ದವು. ಆದರೆ ನೆಲದಿಂದ ಇಂಗಾಲದ ಡೈ ಆಕ್ಸೈಡ್ ಅನಿಲ ಏಳುತ್ತಿತ್ತು. ಹಾಳು ಬಾವಿಗೆ ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿ ಕೇಳಿರುತ್ತೀರಿ. ಇದೂ ಅಂಥದೇ ಗಾಳಿ. ಬಣ್ಣವಿಲ್ಲ, ವಾಸನೆಯಿಲ್ಲ, ತಗ್ಗಿನ ಕೋಣೆಗಳಲ್ಲಿ ತುಂಬಿಕೊಳ್ಳುತ್ತದೆ. ಭೂಕಂಪದ ಅಲೆಯಿಂದ ಇದನ್ನು ಅಳೆಯಲು ಆಗುವುದಿಲ್ಲ. ಅದಕ್ಕೆ ಮನೆಮನೆಯಲ್ಲಿ ಬೇರೆ ಯಂತ್ರ ಹಾಕಬೇಕಾಯಿತು. ಬೆಂಕಿ ಆರಿ ಎರಡು ವರ್ಷ ಕಳೆದರೂ ಅಲ್ಲಿನ ಹಲವರು ಸ್ವಂತ ಮನೆಯ ಬೀಗ ತೆಗೆಯಲು ಅಪ್ಪಣೆಗೆ ಕಾಯುತ್ತಿದ್ದರು.

ಈಗ ನೀವು ಕೇಳಿ, ನಾವು ಹೇಳುತ್ತೇವೆ.